ನೀರಿಗೆ ಬಿದ್ದ ಲಿಂಗ, ಅಳಿಸದ ವಿಭೂತಿ

ಭದ್ರಾ ಜಲಾಶಯವು ನನ್ನ ಗೆಳೆಯನ ಇಷ್ಟಲಿಂಗವನ್ನು ಒಂದು ರಾತ್ರಿ ತನ್ನಲ್ಲಿಟ್ಟುಕೊಂಡು ಬೆಳಿಗ್ಗೆ ತಾನಾಗಿಯೇ ದಡಕ್ಕೆ ತಂದುಕೊಟ್ಟಿತು ಎಂದು ಅವನ ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ. ಆದರೆ ಆ ದಡದ ಗುಡಾರದಲ್ಲಿ ನಾನೂ ಇದ್ದೆ. ಕಾಲೇಜಿನ ಚರ್ಚಾಕೂಟದಲ್ಲಿ ಎದುರುಪಕ್ಷದವನ ಮಾತನ್ನು ಎಳೆಎಳೆಯಾಗಿ ಬಿಡಿಸಿ ಅಭ್ಯಾಸವಾದವನಿಗೆ ಈ ಕಥೆ ಗಂಟಲಲ್ಲಿ ಇಳಿಯುವುದಿಲ್ಲ. ತಂದುಕೊಟ್ಟದ್ದು ನೀರೇ ಆದರೆ, ಒದ್ದೆ ಮಾಡದೆ ಕೊಡುವ ವಿದ್ಯೆಯನ್ನು ಅದು ಎಲ್ಲಿ ಕಲಿಯಿತು?

ಅಣೆಕಟ್ಟು ಇನ್ನೂ ಹೊಸದಾಗಿದ್ದ ಕಾಲ. ಕಟ್ಟುವಾಗ ಇಂಜಿನಿಯರುಗಳಿಗೆಂದು ತರಿಸಿದ್ದ ಕ್ಯಾನ್ವಾಸ್ ಗುಡಾರಗಳಲ್ಲಿ ಕೆಲವನ್ನು ಹಿನ್ನೀರಿನ ದಡದಲ್ಲಿ ಹೊಡೆದು, ನೋಡಲು ಬರುವವರಿಗೆ ತಂಗಲು ಕೊಡುತ್ತಿದ್ದರು. ಗೆಳೆಯನಿಗೆ ಆಗಷ್ಟೇ ಟೈಫಾಯ್ಡ್ ಬಿಟ್ಟಿತ್ತು. ಕತ್ತು ಹಂಚಿಕಡ್ಡಿಯಂತಾಗಿತ್ತು. ಒಳ್ಳೆಯ ಗಾಳಿಗೆ ಕರೆದುಕೊಂಡು ಹೋಗಿ, ಆದರೆ ಒಂದು ಹೊತ್ತೂ ಹೊಟ್ಟೆ ಖಾಲಿ ಬಿಡಬೇಡಿ, ಬಿಟ್ಟರೆ ಮತ್ತೆ ಮಲಗುತ್ತಾನೆ ಎಂದು ಡಾಕ್ಟರು ಎಚ್ಚರಿಸಿದ್ದರು. ಅವನ ಸೋದರತ್ತೆಯ ಗಂಡ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಅವರು ಯಾರನ್ನೋ ಹಿಡಿದು ಒಂದು ಗುಡಾರ ಗಿಟ್ಟಿಸಿದರು. ಮಾವ, ಅತ್ತೆ, ಗೆಳೆಯ, ಅವನಿಗೆ ಜೊತೆಯಾಗಿ ನಾನು. ಶಂಕರಘಟ್ಟದ ಕಾಡಿನ ಹಾದಿಯಲ್ಲಿ ಲಾರಿಯೊಂದು ನಮ್ಮನ್ನು ಕುಲುಕಿಸಿ ತಂದು ಇಳಿಸಿತು. ವಾರದ ಕೊನೆಗೆ ಬರುತ್ತೇನೆಂದು ಹೇಳಿ ಹೋಯಿತು. ಅಲ್ಲಿಯವರೆಗೆ ಊರು ಮುಟ್ಟಬೇಕಾದರೆ ಬಸ್ಸಿನ ರಸ್ತೆಯವರೆಗೆ ಕಾಡಿನಲ್ಲಿ ನಡೆಯಬೇಕು.

ಜಾಗದ ಬಗ್ಗೆ ಮಾವ ಹೊಗಳಿದ್ದರಲ್ಲಿ ಅರ್ಧ ಸುಳ್ಳು. "ಸಮುದ್ರ ಇದ್ದಂಗಿದೆ ಮಾರಾಯ" ಎಂದಿದ್ದರು. ಬೇಸಿಗೆಯಾದ್ದರಿಂದ ನೀರು ದಿನದಿನವೂ ಇಳಿಯುತ್ತ, ಮುಳುಗಿ ಸತ್ತ ಮರಗಳ ಬೋಳು ತಲೆಗಳು ಒಂದೊಂದಾಗಿ ಮೇಲೆ ಬರುತ್ತಿದ್ದವು. ಗುಡಾರದೊಳಗೆ ಹಗಲು ಬೇಯುವ ಕಾವು, ಕ್ಯಾನ್ವಾಸಿನ ಎಣ್ಣೆವಾಸನೆ. ಪಕ್ಕದ ಗುಡಾರದ ತಮಿಳು ಕುಟುಂಬ ಮೀನು ಹುರಿದಾಗ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಲೆಯನ್ನು ಇನ್ನೊಂದು ಬದಿಗೆ ಎಳೆದರು. ಆದರೆ ಆ ಮನೆಯ ಹೆಂಗಸು ಒಣ ಸೌದೆ ತಂದುಕೊಟ್ಟಾಗ ಬೇಡವೆನ್ನಲಿಲ್ಲ.

ಅತ್ತೆಯ ದಿನ ಶುರುವಾಗುತ್ತಿದ್ದುದು ಲಿಂಗಪೂಜೆಯಿಂದ. ಗುಡಾರದ ಮೂಲೆಗೆ ಒಂದು ಸೀರೆ ಅಡ್ಡ ಕಟ್ಟಿ, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಹೊರಗೆ ಬರುವಷ್ಟರಲ್ಲಿ ನಮ್ಮ ಹೊಟ್ಟೆ ತಾಳ ಹಾಕುತ್ತಿತ್ತು. ಗೆಳೆಯನದೂ ಅದೇ ನೇಮ, ಆದರೆ ಬೇಗ ಮುಗಿಯುತ್ತಿತ್ತು. ಜ್ವರದಲ್ಲಿ ಲಿಂಗವಿಡುವ ಬೆಳ್ಳಿಯ ಕರಡಿಗೆ ಭಾರವೆಂದು ಅತ್ತೆ ಅವನ ಲಿಂಗವನ್ನು ತಮ್ಮದರಂತೆಯೇ ಬಿಳಿ ಬಟ್ಟೆಯಲ್ಲಿ ಸುತ್ತಿ ದಾರಕ್ಕೆ ಕಟ್ಟಿದ್ದರು.

ಆ ದಾರ ಬೆವರಿನಲ್ಲಿ ಜೀರ್ಣವಾಗಿತ್ತೋ ಏನೋ, ಒಂದು ಮಧ್ಯಾಹ್ನ ಅವನು ನೀರಿನಲ್ಲಿ ಮುಳುಗಿ ಎದ್ದಾಗ ಕೊರಳು ಬರಿದಾಗಿತ್ತು.

ನಾನೂ ಮಾವನೂ ಕತ್ತಲಾಗುವವರೆಗೆ ಮುಳುಗಿ ಕೆಸರು ಬಾಚಿದೆವು. ತಮಿಳಿನವರೂ ನೀರಿಗಿಳಿದರು. ಸಿಗಲಿಲ್ಲ. ಲಿಂಗ ಕಳೆದುಕೊಂಡವನು ಅದು ಸಿಗುವವರೆಗೆ, ಇಲ್ಲವೇ ಗುರು ಹೊಸದನ್ನು ಕಟ್ಟುವವರೆಗೆ, ಏನನ್ನೂ ಬಾಯಿಗೆ ಹಾಕುವಂತಿಲ್ಲ ಎಂಬುದು ಅವರಲ್ಲಿ ಕಟ್ಟುನಿಟ್ಟು. ಗೆಳೆಯ ಗುಡಾರದ ಬಾಗಿಲಲ್ಲಿ ಮೊಣಕಾಲು ತಬ್ಬಿಕೊಂಡು ಕೂತುಬಿಟ್ಟ.

"ಹಾಲಾದ್ರೂ ಒಂದು ಗುಟುಕು ಕುಡಿಯೋ, ನನ್ನಪ್ಪ" ಎಂದರು ಅತ್ತೆ.

"ಬೇಡ ಅತ್ತೆ. ಇಳಿಯಲ್ಲ."

ನನಗೆ ಮೊದಲು ಅನುಮಾನ ಬಂದದ್ದು ಅವನ ಮೇಲೆಯೇ. ಹಿಂದಿನ ದಿನವೆಲ್ಲ ಈ ಲಿಂಗ, ನೇಮಗಳಿಗೆ ಅರ್ಥವಿದೆಯೇ ಎಂದು ನಾವು ಜಗಳವಾಡಿದ್ದೆವು. ನಾನು ಗೆದ್ದಿದ್ದೆ, ಅವನು ಒಪ್ಪಿರಲಿಲ್ಲ.

"ಲೇ, ನಾಟಕ ಸಾಕು ಕಣೋ. ನಂಗೆ ತೋರಿಸೋಕೆ ಉಪವಾಸ ಕೂತಿದೀಯಾ?"

"ನೀನು ಗೆದ್ದೆ ಮಾರಾಯ. ಕಪ್ ತಗೊಂಡು ಹೋಗಿ ಮಲ್ಕೋ."

ಆ ಉತ್ತರದಲ್ಲಿ ನಾಟಕವಿರಲಿಲ್ಲ. ಹಣೆ ಮುಟ್ಟಿದೆ, ಬೆಚ್ಚಗಿತ್ತು. ಅತ್ತೆಯೂ ಮುಟ್ಟಿ ನೋಡಿದರು. ಬೆಳಿಗ್ಗೆ ಎದ್ದು ನಡೆದು ಬಸ್ಸು ಹಿಡಿದು ಮಠದಿಂದ ಸ್ವಾಮಿಗಳನ್ನು ಕರೆತರುತ್ತೇನೆಂದರು ಮಾವ. ಹೋಗಿ ಬರುವಷ್ಟರಲ್ಲಿ ಇನ್ನೊಂದು ಹಗಲು ಪೂರ್ತಿ ಕಳೆಯುತ್ತಿತ್ತು, ಅಷ್ಟು ಹೊತ್ತೂ ಅವನ ಹೊಟ್ಟೆ ಖಾಲಿ.

ಬೆಳಿಗ್ಗೆ ಮಾವ ಚಪ್ಪಲಿ ಮೆಟ್ಟುತ್ತಿದ್ದರು. ಅತ್ತೆ ಎಂದಿನಂತೆ ಸೀರೆಯ ಮರೆಯಲ್ಲಿ ಪೂಜೆ ಮುಗಿಸಿ, ಕೊಡ ಹಿಡಿದು ನೀರಿಗೆ ಹೋದವರು, ದಡದಿಂದಲೇ ಕೂಗಿದರು.

"ಸಿಕ್ತು! ಬನ್ರೋ, ಸಿಕ್ತು!"

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಳಿ ಬಟ್ಟೆಯ ಪುಟ್ಟ ಗಂಟು ಇತ್ತು. ಮಾವ ಅಲ್ಲೇ ಅಡ್ಡಬಿದ್ದರು. ನಾನು ಕಲ್ಲನ್ನು ನೋಡಿದೆ. ಹಿಂದಿನ ಸಂಜೆ ಅದು ನೀರಿನಿಂದ ಎಷ್ಟು ಮೇಲಿತ್ತೋ ಅದಕ್ಕಿಂತ ಇನ್ನಷ್ಟು ಮೇಲಿತ್ತು. ಕಲ್ಲು ಒಣಗಿತ್ತು. ಗಂಟೂ ಒಣಗಿತ್ತು.

ಗೆಳೆಯ ಗಂಟು ಬಿಚ್ಚಿದ. ಕರಿಯ ಲಿಂಗದ ಮೇಲೆ ಮೂರೆಳೆ ವಿಭೂತಿ, ಈಗ ತಾನೇ ಹಚ್ಚಿದಂತೆ ಬೆಳ್ಳಗೆ ನಿಂತಿತ್ತು.

ಸಭಾಧ್ಯಕ್ಷರೇ, ಇದಕ್ಕಿಂತ ಒಳ್ಳೆಯ ಪಾಯಿಂಟು ಯಾವ ಚರ್ಚಾಪಟುವಿಗೂ ಸಿಕ್ಕಿರಲಾರದು. ರಾತ್ರಿಯೆಲ್ಲ ನೀರಿನಲ್ಲಿದ್ದ ವಸ್ತುವಿನ ಮೇಲೆ ವಿಭೂತಿ ಉಳಿಯುತ್ತದೆಯೇ? ನಾನು ಬಾಯಿ ತೆರೆದೆ.

ಅತ್ತೆ ನನ್ನತ್ತ ತಿರುಗಿದರು. "ನೀನು ಬಾಯಿ ತೆಗೆಯೋದಾದ್ರೆ ತಿನ್ನೋಕೆ ತೆಗಿ. ರೊಟ್ಟಿ ತಟ್ತೀನಿ, ನಡಿ."

ಗೆಳೆಯ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದ. ಹೆಬ್ಬೆರಳಿನಿಂದ ಅದರ ಅಂಚನ್ನು ಒಮ್ಮೆ ಸವರಿ ನಿಲ್ಲಿಸಿದ. ದಿನವೂ ಕೈಯಲ್ಲಿ ಹಿಡಿಯುವುದನ್ನು ಬೆರಳು ಗುರುತಿಸದೆ ಇರುತ್ತದೆಯೇ? ಅವನಿಗೆ ಗೊತ್ತಾಯಿತೋ ಇಲ್ಲವೋ. ಕಣ್ಣಿಗೆ ಒತ್ತಿಕೊಂಡ. ಕೊರಳಿಗೆ ಕಟ್ಟಿಕೊಂಡ. ಆಮೇಲೆ ಹಾಲು ಕುಡಿದ, ಎರಡು ರೊಟ್ಟಿ ತಿಂದ, ಸಂಜೆಗೆ ಮೈಯ ಕಾವು ಇಳಿಯಿತು. ನನ್ನ ಪಾಯಿಂಟು ನನ್ನ ಬಾಯಲ್ಲೇ ಉಳಿಯಿತು. ಅದನ್ನು ಆಡಿದ್ದರೆ ಅವನು ತಟ್ಟೆ ಸರಿಸುತ್ತಿದ್ದ. ಅಷ್ಟು ನನಗೂ ತಿಳಿಯುತ್ತಿತ್ತು.

ಆದರೆ ನೋಡುವುದನ್ನು ಯಾರು ತಡೆಯುತ್ತಾರೆ?

ಅತ್ತೆ ನಮಗೆಲ್ಲ ಬಡಿಸಿ ತಟ್ಟೆಗಳನ್ನು ಎತ್ತಿಕೊಂಡು ಎದ್ದರು.

"ನೀವು ಉಣ್ಣಲ್ವಾ ಅತ್ತೆಮ್ಮ?"

"ಇವತ್ತು ಸೋಮವಾರ ಅಲ್ವೇನೋ. ಉಪವಾಸ."

ಮರುದಿನ ಸೋಮವಾರವಾಗಿರಲಿಲ್ಲ. "ಹೊಟ್ಟೆ ಯಾಕೋ ಸರಿಯಿಲ್ಲ" ಎಂದರು. ಪಕ್ಕದ ಗುಡಾರದ ಹೆಂಗಸು ಕಾಫಿ ತಂದುಕೊಟ್ಟಳು. ಲೋಟ ಕೈಯಲ್ಲಿ ಹಿಡಿದು ಅವಳ ಜೊತೆ ಅರೆತಮಿಳಿನಲ್ಲಿ ನಗುತ್ತ ಮಾತಾಡಿ, ಅವಳು ಅತ್ತ ಹೋದೊಡನೆ ಕಾಫಿಯನ್ನು ಮಾವನ ಲೋಟಕ್ಕೆ ಬಗ್ಗಿಸಿದರು. ಬೆಳಿಗ್ಗೆ ಪೂಜೆಗೆಂದು ಸೀರೆಯ ಮರೆಗೆ ಹೋಗುತ್ತಿದ್ದರು ನಿಜ. ಆದರೆ ನಮ್ಮ ಹೊಟ್ಟೆ ತಾಳ ಹಾಕುವ ಮೊದಲೇ ಹೊರಗೆ ಬಂದುಬಿಡುತ್ತಿದ್ದರು. ತುಟಿ ಒಡೆದಿತ್ತು. ಮಾವ ಇದಾವುದನ್ನೂ ಕಾಣಲಿಲ್ಲ. ಅವರು ಗುಡಾರದಿಂದ ಗುಡಾರಕ್ಕೆ ಹೋಗಿ, ಗಂಗಮ್ಮ ಹೇಗೆ ಲಿಂಗ ತಂದಿಟ್ಟಳೆಂದು ಸಾರುತ್ತಿದ್ದರು. ಒಂದೊಂದು ಗುಡಾರ ದಾಟಿದಂತೆ ಕಲ್ಲು ಒಂದೊಂದು ಗೇಣು ನೀರಿನೊಳಕ್ಕೆ ಸರಿಯುತ್ತಿತ್ತು.

ಲಾರಿ ಬಂತು. ಪುಣ್ಯಕ್ಕೆ ಹೇಳಿದ್ದಕ್ಕಿಂತ ಮೊದಲೇ ಬಂತು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಗೆಳೆಯನ ಮನೆ. ಅಲ್ಲಿ ಅವನ ತಾಯಿ ಬಿಸಿ ಅಡಿಗೆ ಮಾಡಿಟ್ಟು ಕಾಯುತ್ತಿದ್ದರು. ಅತ್ತೆ ಮಾತ್ರ ಮಠದ ತಿರುವಿನಲ್ಲೇ ಲಾರಿ ನಿಲ್ಲಿಸಿದರು.

"ಸ್ವಾಮಿಗಳಿಗೆ ಒಂದು ನಮಸ್ಕಾರ ಹಾಕಿ ಬರ್ತೀನಿ. ನೀವು ಹೋಗ್ತಾ ಇರಿ."

"ನಾನೂ ಬರ್ತೀನಿ ಕಣೇ, ಲಿಂಗ ಸಿಕ್ಕಿದ್ದು ಹೇಳ್ಬೇಕು" ಎಂದು ಮಾವ ಎದ್ದರು.

"ಹುಡುಗನ್ನ ಮನೆ ಸೇರಿಸಿ ಮೊದ್ಲು!" ಅತ್ತೆ ಅಷ್ಟು ಜೋರಾಗಿ ಗದರಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಬಂದದ್ದು ತಡವಾಗಿ. ಬಂದವರೇ ಎಲೆಯ ಮುಂದೆ ಕೂತು, ಅನ್ನ ಸಾರು ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಹೊಟ್ಟೆ ಸರಿಯಿಲ್ಲದವರು ಹಾಗೆ ಉಣ್ಣುವುದಿಲ್ಲ.

ಒಬ್ಬರ ಕೊರಳಿನದನ್ನು ಇನ್ನೊಬ್ಬರಿಗೆ ಕಟ್ಟುವುದು ಅವರಲ್ಲಿ ಕೂಡದ ಕೆಲಸ. ಹಾಗಾಗಿ ನಾನು ಮಾಡುತ್ತಿರುವುದು ಸಣ್ಣ ಆರೋಪವಲ್ಲ. ಸುಳ್ಳು ಹೇಳಲು ಹೊರಟವರಾದರೆ ಬಟ್ಟೆಯನ್ನು ನೀರಿನಲ್ಲಿ ಅದ್ದಬೇಕಿತ್ತು, ವಿಭೂತಿ ಒರೆಸಬೇಕಿತ್ತು. ಕೊನೆಯ ಪೂಜೆ ಮಾಡದೆ ಕೊಡಲಾಗದವರು, ಮಾಡಿದ ಪೂಜೆಯನ್ನು ಅಳಿಸಲಾಗದವರು ಮಾತ್ರ ಮಾಡುವಂಥ ತಪ್ಪು ಅದು. ಇದು ನನ್ನ ವಾದ. ಸಾಕ್ಷಿ ಇಲ್ಲ.

ಮೊನ್ನೆ ಗೆಳೆಯನ ಜೊತೆ ಭದ್ರಾವತಿಯಲ್ಲಿರುವ ಮಾವನ ಕ್ವಾರ್ಟರ್ಸಿಗೆ ಹೋಗಿದ್ದೆ. ಗೆಳೆಯ ಈಗ ಗುಂಡುಕಲ್ಲಿನಂತಿದ್ದಾನೆ. ಮಾವ ನಡುಮನೆಯಲ್ಲಿ ಯಾರೋ ನೆಂಟರಿಗೆ ಮತ್ತೆ ಅದೇ ಕಥೆ ಶುರುಮಾಡಿದ್ದರು. ಕಲ್ಲು ಈಗ ಜಲಾಶಯದ ನಟ್ಟನಡುವೆ ತಲುಪಿತ್ತು. ಗೆಳೆಯ ಕೊರಳಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಿದ್ದ. ನಾನು ಎದ್ದು ಅಡಿಗೆಮನೆಗೆ ಹೋದೆ. ಅತ್ತೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದರು.

"ಏನೋ, ಹೊರಗೆ ವಾದಕ್ಕೆ ಯಾರೂ ಸಿಗ್ಲಿಲ್ವಾ?"

"ಒಂದೇ ಪ್ರಶ್ನೆ ಅತ್ತೆಮ್ಮ. ಯಾರಿಗೂ ಹೇಳಲ್ಲ."

ಅವರ ಕೈ ಹಿಟ್ಟಿನ ಮೇಲೆ ನಿಂತಿತು. ನಾನು ಕೇಳಿದೆ:

"ಲಿಂಗ ಸಿಕ್ಕಿದ ಮೇಲೆ, ಮಠದ ತಿರುವಲ್ಲಿ ಲಾರಿ ಇಳಿಯೋ ತನಕ, ನಿಮ್ಮ ಕೊರಳಲ್ಲಿ ಏನಿತ್ತು?"