ಎಷ್ಟು ಬೇಕಾದರೂ ಮಾತಾಡಿ

ಆ ಬೋರ್ಡು ನೆನೆದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತೆ. ತೊಂಬತ್ತರ ದಶಕ ಮುಗೀತಾ ಬಂದಿತ್ತು. ಶ್ರೀರಂಗಪಟ್ಟಣದಲ್ಲಿ ಒಬ್ಬ ಎರಡು ಕಂಪ್ಯೂಟರು ಇಟ್ಟುಕೊಂಡು ಇಂಟರ್‌ನೆಟ್ ಅಂಗಡಿ ತೆರೆದಿದ್ದ. ‘ಇಂಟರ್‌ನೆಟ್ ಫೋನು! ಮೂರು ತಿಂಗಳು ಅನ್‌ಲಿಮಿಟೆಡ್! ಫಾರಿನ್ನಿಗೆ ಎಷ್ಟು ಬೇಕಾದರೂ ಮಾತಾಡಿ’ ಅಂತ ಕೆಂಪು ಅಕ್ಷರದಲ್ಲಿ ಬರೆಸಿದ್ದ. ನಾನು ಅಲ್ಲೇ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟು, ದಿನಾ ಕಟ್ಟುಗಟ್ಟಲೆ ಅರ್ಜಿ ಓದುವವಳು. ಅಂಥವಳೇ ಹೋಗಿ ಹಳ್ಳಕ್ಕೆ ಬಿದ್ದೆ.

ಅಕ್ಕ ಮಸ್ಕತ್ತಿನಲ್ಲಿದ್ದಳು. ಭಾವ ಅಲ್ಲಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು. ಅಕ್ಕ ಚೊಚ್ಚಲ ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ನಮ್ಮಲ್ಲಿ ಅದಕ್ಕೆ ಎರಡು ಮಾತೇ ಇಲ್ಲ. ಬರೋಕಾಗಲ್ಲ ಅಂತ ಅವಳು ಕಾಗದ ಬರೆದಾಗ ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಐ.ಎಸ್.ಡಿ. ಬೂತಿಗೆ ಹೋದರೆ ‘ಹಲೋ, ಚೆನ್ನಾಗಿದ್ದೀಯಾ’ ಅನ್ನೋದರೊಳಗೆ ಗಂಟು ಕರಗುತ್ತಿತ್ತು. ಅದಕ್ಕೇ ನಾನು, ‘ಫೋನಲ್ಲೇ ಬಾಣಂತನ ಮಾಡ್ಬುಡವ್ವ’ ಅಂದು, ಕಚೇರಿಯಲ್ಲಿ ಹಬ್ಬದ ಮುಂಗಡ ಎತ್ತಿ ಆ ಅಂಗಡಿಯವನಿಗೆ ಮೂರು ತಿಂಗಳ ದುಡ್ಡು ಕಟ್ಟಿದೆ.

ಮೊದಲನೇ ಭಾನುವಾರ ಅವ್ವ ಸಂತೆಬಾಚಹಳ್ಳಿ ಕಡೆಯ ನಮ್ಮೂರಿಂದ ಎರಡು ಬಸ್ಸು ಬದಲಾಯಿಸಿಕೊಂಡು ಬಂದಳು. ತಲೆ ಮೇಲಿನ ಸೆರಗು ಸರಿಸಿ ಹೆಡ್‌ಫೋನು ಹಾಕಿದೆ. ಎಷ್ಟು ಬೇಕಾದರೂ ಮಾತಾಡಬಹುದು ಅಂದಮೇಲೆ ಅವ್ವ ಮನೇಲಿ ಮಾತಾಡೋ ಹಾಗೇ ಮಾತಾಡಿದಳು. ನಮ್ಮವ್ವ ಯಾವತ್ತೂ ಹಾಗೇ, ಮೊದಲು ಬೈಗುಳ, ಹೊಟ್ಟೆಯಲ್ಲಿರೋದೆಲ್ಲ ಖಾಲಿಯಾದ ಮೇಲೆ ಸಮಾಧಾನ. ‘ತವರು ಬ್ಯಾಡ ಅಂದೋಳ್ಗೆ ತಾಯಿ ಯಾಕೆ? ನೀ ನನ್ ಮಗ್ಳೇ ಅಲ್ಲ, ಓಗು’ ಅಂದು ಉಸಿರು ತಗೊಂಡಳು. ಇನ್ನೇನು ಕರುಳು ಕರಗಬೇಕು, ಲೈನು ಕಟ್ಟಾಯ್ತು.

‘ಐದು ನಿಮಿಷ ಆಯ್ತು ಮೇಡಂ. ಇನ್ನು ಮುಂದಿನ ವಾರ ಬನ್ನಿ’ ಅಂದ ಅಂಗಡಿಯವನು.

‘ಅನ್‌ಲಿಮಿಟೆಡ್ ಅಂತ ಬರ್ಸಿದ್ದೀರಲ್ರೀ?’

‘ಹೌದು ಮೇಡಂ. ಮೂರು ತಿಂಗಳಲ್ಲಿ ಒಂದು ವಾರವೂ ಬಿಡದಂಗೆ ಬನ್ನಿ, ಯಾರು ಬೇಡ ಅಂತಾರೆ? ವಾರಕ್ಕೆ ಐದು ನಿಮಿಷ. ರಸೀತಿ ಹಿಂದೆ ಇದೆ ನೋಡಿ.’

ತಿರುಗಿಸಿ ನೋಡಿದರೆ ಸಾಸಿವೆ ಕಾಳಿನಷ್ಟು ಸಣ್ಣ ಇಂಗ್ಲಿಷು. ಥೂ ಇವನ! ಬರೋದಕ್ಕೆ ಮಿತಿ ಇಲ್ಲವಂತೆ, ಮಾತಾಡೋದಕ್ಕೆ ಮಾತ್ರ ಇದೆಯಂತೆ.

ಮುಂದಿನ ವಾರ ಬಂದರೆ ಕಂಪ್ಯೂಟರು ಕೆಟ್ಟಿತ್ತು. ಅದರ ಮುಂದಿನ ವಾರ ಲೈನು ಸಿಗಲಿಲ್ಲ. ಆಮೇಲಿನ ವಾರ ಅಂಗಡಿಯೇ ಬಾಗಿಲು ಹಾಕಿತ್ತು. ಪ್ರತಿ ಸಲವೂ ಅವ್ವ ಬಾಣಂತಿ ಖಾರದ ಪುಡಿಗೆ ಏನೇನು ಹಾಕಬೇಕು, ಎಷ್ಟು ದಿನ ತಲೆಗೆ ಬಟ್ಟೆ ಕಟ್ಟಬೇಕು ಅಂತ ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದು, ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ಸು ಹೋದಳು. ಅಷ್ಟರಲ್ಲಿ ಭಾವ ನಮ್ಮ ಕಚೇರಿಗೆ ಫೋನ್ ಮಾಡಿ, ‘ಹೆಣ್ಣು ಮಗು, ಇಬ್ಬರೂ ಕ್ಷೇಮ’ ಅಂದು ಇಟ್ಟರು.

ಐದನೇ ಭಾನುವಾರ ನಾನು ಮಾತಾಡೋಕೆ ಹೋಗಲಿಲ್ಲ, ಅವ್ವನನ್ನು ಕರಕೊಂಡು ಜಗಳಕ್ಕೇ ಹೋದೆ. ದುಡ್ಡು ವಾಪಸ್ ಕೊಡಿ, ಇಲ್ಲದಿದ್ದರೆ ಕಂಪ್ಲೇಂಟ್ ಕೊಡ್ತೀನಿ ಅಂದೆ. ಅವನು ನಕ್ಕ. ‘ಕೊಡಿ ಮೇಡಂ. ಇಂಟರ್‌ನೆಟ್ಟಲ್ಲಿ ಫೋನ್ ಮಾಡೋಕೆ ಸರ್ಕಾರದ ಪರ್ಮಿಶನ್ನೇ ಇಲ್ಲ. ಮಾತಾಡಿರೋರಲ್ಲಿ ನೀವೂ ಸೇರಿದ್ದೀರಿ. ಸರ್ಕಾರಿ ನೌಕರಿ ಬೇರೆ.’

ಗೊತ್ತಿದ್ದೂ ಮಾರಿದ್ದ ಕಳ್ಳ, ನನ್ನನ್ನೇ ಹೆದರಿಸುತ್ತಿದ್ದ! ಅದಕ್ಕಿಂತ ನಾಚಿಕೆಗೇಡು, ನಾನು ಹೆದರಿದೆ. ಅವನು ದೊಡ್ಡ ಮನಸ್ಸು ಮಾಡಿದವನ ಹಾಗೆ, ‘ಹೋಗ್ಲಿ, ಒಂದು ತಿಂಗಳು ಮುಂದಕ್ಕೆ ಹಾಕ್ಕೊಡ್ತೀನಿ’ ಅಂದ.

ಅಲ್ಲಿತನಕ ಬಾಗಿಲಲ್ಲಿ ನಿಂತಿದ್ದ ಅವ್ವ ಮೇಜಿನ ಹತ್ತಿರ ಬಂದಳು. ‘ಏನಂದೆ? ನನ್ ಮಗಳ ಬಾಣಂತನ ಮುಂದಕ್ ಹಾಕಕ್ಕಾಯ್ತದೇನ್ಲಾ? ಎತ್ತವ್ವನ ಮಗನೇ ಏನ್ಲಾ ನೀನು?’ ಹೊರಗೆ ರಸ್ತೆಯಲ್ಲಿ ಹೋಗೋರೆಲ್ಲ ನಿಂತರು. ಅವನು ಗಲ್ಲಾ ತೆಗೆದು ನೂರರ ಎರಡು ನೋಟು ಮೇಜಿನ ಮೇಲೆ ಹಾಕಿ, ‘ಇಷ್ಟೇ ಇರೋದು, ನಡೀರಿ’ ಅಂದ.

ನನ್ನ ಪರ್ಸಿನಲ್ಲಿ ಬಸ್ ಚಾರ್ಜು ಬಿಟ್ಟರೆ ಏನೂ ಇರಲಿಲ್ಲ. ಆ ಎರಡು ನೋಟು ಹಿಡಿದು ಪಕ್ಕದ ಬೀದಿಯ ಐ.ಎಸ್.ಡಿ. ಬೂತಿಗೆ ಹೋದೆವು. ಅಕ್ಕನೇ ಎತ್ತಿದಳು. ಅವಳ ದನಿ ರಿಸೀವರಿನಿಂದ ಆಚೆ ನನಗೂ ಕೇಳಿಸಿತು. ‘ಮಗ್ಳೇ ಅಲ್ಲ ಅಂತ ಫೋನ್ ಕುಕ್ಬುಟ್ಟು ಈಗ್ಯಾಕವ್ವ ಮಾಡ್ದೆ? ಒಂದು ತಿಂಗ್ಳಾಯ್ತು.’

ಅವ್ವ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ‘ನಾನ್ ಇಡ್ನಿಲ್ಲ ಕಣವ್ವ. ಅವ್ನು ಕಟ್ ಮಾಡ್ಬುಟ್ಟ. ನಿನ್ನಾಣೆ, ನಾನ್ ಇಡ್ನಿಲ್ಲ’ ಅಂದಳು. ಅಕ್ಕ ಆ ಕಡೆ ಅಳುತ್ತಿದ್ದಳು. ಅವ್ವ ಅದನ್ನೇ ಮತ್ತೆ ಹೇಳಿದಳು, ಮತ್ತೆ ಹೇಳಿದಳು.

ಆ ದುಡ್ಡಿಗೆ ಮೂರು ನಿಮಿಷ ಬಂತು. ಮೂರು ನಿಮಿಷವೂ ಅದರಲ್ಲೇ ಹೋಯಿತು. ಮಗು ಯಾರ ಹಾಗಿದೆ ಅಂತ ಕೇಳೋದಕ್ಕೆ ಅವ್ವನಿಗೆ ಆಗಲೇ ಇಲ್ಲ.