ಒಂದು ಗೋಲಿನಿಂದ ಸೋಲುವವರು

ನಾಲ್ಕು ಗೋಲಿನಿಂದ ಸೋಲುವ ತಂಡದ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಎದುರಿನವರು ಚೆನ್ನಾಗಿ ಆಡಿದರು, ಇವರು ಆಡಲಿಲ್ಲ, ಮನೆಗೆ ಹೋಗಿ ಗಂಜಿ ಉಂಡು ಮಲಗಬಹುದು. ನನ್ನ ನಿದ್ದೆ ಕೆಡಿಸಿದ್ದು ಒಂದೇ ಒಂದು ಗೋಲಿನಿಂದ ಸೋಲುವ ತಂಡ. ಪಂದ್ಯವಿಡೀ ಸಮಸಮ ಆಡಿ, ಕೆಲವು ಸಲ ಎದುರಿನವರಿಗಿಂತ ಮುಂದೂ ಇದ್ದು, ಇನ್ನೇನು ಸೀಟಿ ಊದಬೇಕು ಎನ್ನುವಾಗ ಎಲ್ಲವನ್ನೂ ಕೈಯಾರೆ ಒಪ್ಪಿಸಿ ಬರುವ ತಂಡ. ಕುದ್ರೋಳಿಯ ನಮ್ಮ ತಂಡ ಅದರಲ್ಲಿ ಪಳಗಿತ್ತು. ಅಷ್ಟು ಪಳಗಿತ್ತೆಂದರೆ, ಕೊನೆಯ ಹತ್ತು ನಿಮಿಷ ಶುರುವಾದಾಗ ನೋಡಲು ಬಂದ ನಮ್ಮವರೇ ಚಪ್ಪಲಿ ಹುಡುಕತೊಡಗುತ್ತಿದ್ದರು.

ನಾನು ದೇರೆಬೈಲಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಟೀಚರ್. ಹುಟ್ಟಿದ್ದು ಕುದ್ರೋಳಿಯಲ್ಲಿ, ಕಡಲಿಗೆ ಹೋಗುವವರ ಮನೆಯಲ್ಲಿ. ಕಾಲೇಜಿನಲ್ಲಿ ಫುಟ್ಬಾಲ್ ಆಡಿದವಳು. ಮದುವೆಯಾದ ಮೇಲೆ ಆಡುವುದು ನಿಂತಿತು, ಸಿಟ್ಟು ನಿಲ್ಲಲಿಲ್ಲ. ಊರಿನ ತಂಡಕ್ಕೆ ಕೋಚ್ ಆಗಲು ಬೇರೆ ಯಾರೂ ಒಪ್ಪದಿದ್ದಾಗ ನನ್ನ ತಮ್ಮ ಬಂದು, "ಅಕ್ಕ, ನೀನಾದ್ರೂ ಬಾ. ಬೈಲಿಕ್ಕೆ ಒಬ್ಬರು ಬೇಕು" ಎಂದ. ಬೈಯುವುದಕ್ಕೆ ನನ್ನನ್ನು ಎರಡು ಸಲ ಕರೆಯಬೇಕಾಗಿಲ್ಲ.

ತಮ್ಮ ಆ ತಂಡದ ಕ್ಯಾಪ್ಟನ್. ಅವನು ಬೋಟಿನ ತಂಡೇಲನೂ ಹೌದು. ತಂಡೇಲನೆಂದರೆ ಬೋಟಿನ ಯಜಮಾನನಲ್ಲ, ಕಡಲಿನಲ್ಲಿ ಎಲ್ಲರಿಗೂ ಅಪ್ಪಣೆ ಕೊಡುವವನು. ಎಲ್ಲಿ ಬಲೆ ಬಿಡಬೇಕು, ಯಾವಾಗ ಎಳೆಯಬೇಕು, ಯಾವಾಗ ತಿರುಗಿ ಮನೆ ಕಡೆ ಹೊರಡಬೇಕು, ಎಲ್ಲ ಅವನ ಬಾಯಿಯಿಂದಲೇ ಬರಬೇಕು. ನಮ್ಮ ತಂಡದ ಹೆಚ್ಚಿನವರು ಅವನದೇ ಬೋಟಿನಲ್ಲಿ ಬಲೆ ಎಳೆಯುವವರು. ಮಳೆಗಾಲದಲ್ಲಿ ಬೋಟುಗಳು ಬಂದರಿನ ದಕ್ಕೆಯಲ್ಲಿ ಕಟ್ಟಿ ನಿಂತಾಗ ಅವರಿಗೆಲ್ಲ ಪುರುಸೊತ್ತು, ಜಿಲ್ಲೆಯ ಲೀಗ್ ನಡೆಯುವುದೂ ಆವಾಗಲೇ. ತಮ್ಮನಿಗಂತೂ ಆ ಕೆಸರಿನ ಆಟವೆಂದರೆ ಪ್ರಾಣ. ಮೂವತ್ತು ದಾಟಿ ಹೊಟ್ಟೆ ಸ್ವಲ್ಪ ಮುಂದೆ ಬಂದಿದ್ದರೂ ಬೋಟಿನ ಕ್ಯಾಬಿನ್ನಿನಲ್ಲಿ ದೇವರ ಪಟದ ಕೆಳಗೆ ಬೂಟು ಇಟ್ಟುಕೊಳ್ಳುತ್ತಿದ್ದ. ಅಮ್ಮ ಅದಕ್ಕೆ ಎಷ್ಟು ಬೈದರೂ ಅಲ್ಲಿಂದ ತೆಗೆಯಲಿಲ್ಲ.

ಸೋಲಿಗೆ ಊರಿನಲ್ಲಿ ತಲೆಗೊಂದು ಕಾರಣ. ಜೆರ್ಸಿಯ ಬಣ್ಣ ಆಗಿಬರುವುದಿಲ್ಲ ಎಂದು ಕೆಲವರು, ದೈವಕ್ಕೆ ಹೇಳಿಕೊಂಡದ್ದನ್ನು ಒಪ್ಪಿಸಿಲ್ಲ ಎಂದು ಇನ್ನು ಕೆಲವರು. ಮೂಲೆಯ ಹೋಟೆಲಿನವರಂತೂ ನನ್ನ ಸ್ಕೂಟಿ ಕಂಡರೆ ಸಾಕು, "ಟೀಚರ್, ಇವತ್ತು ಎಷ್ಟನೇ ನಿಮಿಷದಲ್ಲಿ ಸೋತದ್ದು?" ಎಂದು ಕೇಳುತ್ತಿದ್ದರು. ನಗುತ್ತಾ ಕೇಳುತ್ತಿದ್ದರು ಮಾರಾಯ್ರೇ, ಮೈ ಉರಿದುಹೋಗುತ್ತಿತ್ತು. ಸೋಲು ಕಂಡ ಮೇಲೆ ಧೈರ್ಯ ಕಡಿಮೆಯಾಗುತ್ತದೆ, ಧೈರ್ಯ ಕಡಿಮೆಯಾದಾಗ ಕಾಲು ನಡುಗುತ್ತದೆ ಎಂದು ನಾನೂ ಮೊದಲು ನಂಬಿದ್ದೆ. ಆದರೆ ಬಿರುಗಾಳಿಯಲ್ಲಿ ಬೋಟು ತಿರುಗಿಸಿಕೊಂಡು ಬರುವವರಿಗೆ ಕಾಟಿಪಳ್ಳ ತಂಡದ ಒಬ್ಬ ಸ್ಟ್ರೈಕರನನ್ನು ಕಂಡು ಯಾಕೆ ಕಾಲು ನಡುಗಬೇಕು? ಅದು ನನ್ನ ತಲೆಗೆ ಹೋಗಲಿಲ್ಲ.

ಕೊನೆಗೆ ನಾನು ಚೆಂಡು ನೋಡುವುದನ್ನು ಬಿಟ್ಟು ಆಟಗಾರರನ್ನೇ ನೋಡಿದೆ. ಆವತ್ತು ಗೊತ್ತಾಯಿತು. ಕೊನೆಯ ನಿಮಿಷಗಳಲ್ಲಿ ಚೆಂಡು ನಮ್ಮ ಗೋಲಿನ ಹತ್ತಿರ ಒಂದು ಮೂಲೆಗೆ ಬರುತ್ತದೆ. ತಮ್ಮ ಕೂಗುತ್ತಾನೆ, "ಪತ್ತ್‌ಲೆ!" ಹಿಡಿಯಿರಿ ಎಂದು. ಬೋಟಿನಲ್ಲಿ ಕೂಗುವ ಅದೇ ಮಾತು, ಅದೇ ಸ್ವರ. ಕೂಗಿದ್ದೇ ತಡ, ಇಡೀ ತಂಡ ತಾನು ನಿಂತ ಜಾಗ ಬಿಟ್ಟು ಆ ಮೂಲೆಗೆ ಓಡುತ್ತದೆ. ಒಂದು ಚೆಂಡಿನ ಸುತ್ತ ಏಳೆಂಟು ಜನ. ಆಚೆ ಬದಿಯಲ್ಲಿ ಎದುರಿನ ತಂಡದವನೊಬ್ಬ ಒಂಟಿಯಾಗಿ ನಿಂತಿರುತ್ತಾನೆ. ಚೆಂಡು ಅವನ ಕಾಲಿಗೆ ಹೋಗುತ್ತದೆ, ಗೋಲು. ಪ್ರತಿ ಸಲವೂ ಇದೇ ಕಥೆ. ಬಲೆಗೆ ಮೀನು ತುಂಬಿ ಭಾರಕ್ಕೆ ಬೋಟು ವಾಲತೊಡಗಿದಾಗ ಹಾಗೆಯೇ ಮಾಡಬೇಕು, ಎಲ್ಲರೂ ಒಂದೇ ಹಗ್ಗಕ್ಕೆ ಬೀಳಬೇಕು. ನಮ್ಮವರು ಹೆದರಿ ಸೋಲುತ್ತಿರಲಿಲ್ಲ, ಬೋಟಿನ ಕೆಲಸ ಬಲ್ಲವರಾದ್ದರಿಂದ ಸೋಲುತ್ತಿದ್ದರು.

ಅಮ್ಮನ ಮನೆಯ ಜಗಲಿಯಲ್ಲಿ ಕೂತು ಇದನ್ನು ತಮ್ಮನಿಗೆ ಹೇಳಿದೆ.

"ನೀನು ಬೊಬ್ಬೆ ಹಾಕುದು ನಿಲ್ಲಿಸು. ಮತ್ತೆ ಎಲ್ಲ ಸರಿ ಆಗ್ತದೆ."

"ಎಂತ ಅಕ್ಕ, ಅದು ನಾನು ಹಾಕುದಾ? ಅದಾಗಿಯೇ ಬರ್ತದೆ."

"ಬಾಯಿಗೆ ಬಟ್ಟೆ ತುರುಕು."

"ತುರುಕಿದ್ರೂ ಬರ್ತದೆ ಮಾರಾಯ್ತಿ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಏಕೆಂದರೆ ಆ ವರ್ಷ ನಾವು ಪಟ್ಟಿಯ ಕೊನೆಯಲ್ಲಿದ್ದೆವು. ಇನ್ನೊಂದೆರಡು ಸೋತರೆ ಕೆಳಗಿನ ಡಿವಿಜನ್ನಿಗೆ ಇಳಿಯಬೇಕು. ಇಳಿದರೆ ಫುಟ್ಬಾಲ್ ಮುಚ್ಚಿಬಿಡುವುದು ಎಂದು ನಮ್ಮ ಸಂಘದ ಅಧ್ಯಕ್ಷರು ಸಭೆಯಲ್ಲಿ ಹೇಳಿಯಾಗಿತ್ತು. "ಸಾಕು, ಇನ್ನು ಕ್ರಿಕೆಟ್ ಆಡ್ಲಿ. ಅದರಲ್ಲಿ ಆದ್ರೂ ಒಂದು ಕಪ್ ಬರ್ಲಿ" ಎಂದಿದ್ದರು. ಆವತ್ತು ಸಭೆಯಿಂದ ಎದ್ದು ಬಂದ ತಮ್ಮ ಊಟ ಮಾಡಿರಲಿಲ್ಲ.

ಅವನ ಬಾಯಿ ಮುಚ್ಚಿಸಲು ಆಗದಿದ್ದರೆ ಉಳಿದವರ ಕಿವಿ ಮುಚ್ಚಿಸಬೇಕು ಎಂದು ಹೊರಟೆ. ಅಭ್ಯಾಸದಲ್ಲಿ ಪ್ರತಿಯೊಬ್ಬನನ್ನೂ ಅವನವನ ಜಾಗದಲ್ಲಿ ನಿಲ್ಲಿಸಿದೆ, ಅವರವರ ಚಪ್ಪಲಿಯನ್ನೇ ಅವರ ಕಾಲ ಬಳಿ ಗುರುತಿಗೆ ಇಟ್ಟೆ. ಚೆಂಡನ್ನು ಮೂಲೆಗೆ ಒದ್ದು ತಮ್ಮನಿಗೆ "ಈಗ ಕೂಗು" ಎಂದೆ. ಅವನು ಕೂಗಿದ. ಎಲ್ಲರೂ ಓಡಿದರು. ಓಡಿದವರೆಲ್ಲ ಮೈದಾನಕ್ಕೆ ಒಂದು ಸುತ್ತು. ಮತ್ತೆ ಕೂಗು, ಮತ್ತೆ ಓಟ, ಮತ್ತೆ ಸುತ್ತು. ಎಡ ಬಲಗಳಲ್ಲಿ ಆಡುವ ಇಬ್ಬರು ಹುಡುಗರು ತಂಡದಲ್ಲೇ ಚುರುಕಿನವರು, ಅವರೇ ಎಲ್ಲರಿಗಿಂತ ಹೆಚ್ಚು ಸುತ್ತು ಹೊಡೆದರು. "ಟೀಚರ್, ನಿಮ್ಮ ಶಾಲೆಯ ಮಕ್ಕಳು ಹೇಗೆ ಬದುಕಿ ಉಳಿದಿದ್ದಾರೆ?" ಎಂದು ಕೇಳುತ್ತಿದ್ದರು. ನಾನು ಬಿಡಲಿಲ್ಲ. ಮಳೆ ಇಳಿಮುಖವಾಗುವಷ್ಟರಲ್ಲಿ ನನ್ನ ತಮ್ಮ ಗಂಟಲು ಹರಿಯುವಂತೆ ಕೂಗಿದರೂ ಆ ಇಬ್ಬರು ಚಪ್ಪಲಿಯ ಬಳಿಯಿಂದ ಅಲ್ಲಾಡದಾದರು. ಒಂದು ಪಂದ್ಯ ಸಮ ಆಯಿತು. ಸೋಲಲಿಲ್ಲ ಎಂಬುದಕ್ಕೇ ಹೋಟೆಲಿನವರು ನನಗೆ ಚಹಾ ಕುಡಿಸಿದರು.

ಬೋಟುಗಳು ಮತ್ತೆ ಕಡಲಿಗೆ ಇಳಿದವು. ಲೀಗಿನಲ್ಲಿ ಒಂದು ಪಂದ್ಯ ಉಳಿದಿತ್ತು, ಕಾಟಿಪಳ್ಳದವರ ಎದುರು, ಶನಿವಾರ. ಗೆದ್ದರೆ ಉಳಿಯುತ್ತೇವೆ, ಸಮ ಆದರೂ ಇಳಿಯುತ್ತೇವೆ.

ಅದೇ ವಾರ ಮಧ್ಯಾಹ್ನ ಊಟದ ಬೆಲ್ಲಿನ ಹೊತ್ತಿಗೆ ತಮ್ಮ ನಮ್ಮ ಶಾಲೆಯ ಗೇಟಿನ ಬಳಿ ನಿಂತಿದ್ದ. ದಕ್ಕೆಯಿಂದ ನೇರ ಬಂದದ್ದು. ಅಂಗಿಯಲ್ಲಿ ಮೀನಿನ ಚಿಪ್ಪು ಹಾಗೆಯೇ ಇತ್ತು. ಅವನು ಯಾವತ್ತೂ ನನ್ನ ಶಾಲೆಗೆ ಬಂದವನಲ್ಲ. ಅಮ್ಮನಿಗೇನೋ ಆಯಿತು ಎಂದುಕೊಂಡೆ.

"ಅಕ್ಕ, ಇವತ್ತು ನಾನು ಕೂಗಿದೆ. ಇಬ್ಬರು ನಿಂತ್ರು."

"ಒಳ್ಳೇದಾಯ್ತಲ್ಲ" ಎಂದೆ, ಪಂದ್ಯದ ಗುಂಗಿನಲ್ಲೇ.

"ಮೈದಾನದಲ್ಲಿ ಅಲ್ಲ ಅಕ್ಕ. ಬೋಟಿನಲ್ಲಿ."

ಬಲೆಗೆ ಒಳ್ಳೆಯ ಮೀನು ಬಿದ್ದಿತ್ತಂತೆ. ಎಳೆಯುವಾಗ ಹಗ್ಗ ಒಮ್ಮೆಲೇ ಜಾರಿತು. ಇವನು ಕೂಗಿದ. ಆ ಚುರುಕಿನ ಇಬ್ಬರು ಒಂದು ಕ್ಷಣ ನಿಂತಲ್ಲೇ ನಿಂತು ಕಾಲ ಬುಡ ನೋಡಿಕೊಂಡರು. ಒಂದೇ ಕ್ಷಣ. ಅಷ್ಟರಲ್ಲಿ ಬೋಟಿನ ಹಿರಿಯರೊಬ್ಬರ ಕೈ ಹಗ್ಗಕ್ಕೂ ಬೋಟಿನ ಅಂಚಿಗೂ ನಡುವೆ ಸಿಕ್ಕಿಕೊಂಡಿತು. ಬೆರಳು ಉಳಿದದ್ದೇ ದೊಡ್ಡದು.

"ನನ್ನ ಸ್ವರ ಕೇಳಿದ್ರೆ ಅವರು ಯೋಚನೆ ಮಾಡ್ಬಾರ್ದು. ಅಲ್ಲಿ ಯೋಚನೆ ಮಾಡ್ಲಿಕ್ಕೆ ಪುರುಸೊತ್ತು ಉಂಟಾ?" ಎಂದ. ಅವನ ಸ್ವರ ನಡುಗುತ್ತಿತ್ತು. ತಂಡೇಲನ ಸ್ವರ ನಡುಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ನನಗೆ ಹೆದರಿಕೆಯಾದರೆ ಸಿಟ್ಟು ಬರುತ್ತದೆ. ಆವತ್ತೂ ಬಂತು. "ಹಾಗಾದ್ರೆ ಶನಿವಾರ ಸೋಲುವ ಅಂತ ಹೇಳ್ಲಿಕ್ಕೆ ಇಷ್ಟು ದೂರ ಬಂದದ್ದಾ?"

"ಅಲ್ಲ. ಶನಿವಾರ ನಾನು ಆಡುದಿಲ್ಲ ಅಂತ ಹೇಳ್ಲಿಕ್ಕೆ ಬಂದದ್ದು. ಒಳಗೆ ಇದ್ರೆ ನನಗೆ ಕೂಗದೆ ಇರ್ಲಿಕ್ಕೆ ಆಗುದಿಲ್ಲ. ನಾನು ಕೂಗಿದ್ರೆ ಅವರು ಓಡ್ಲೇಬೇಕು, ಎಲ್ಲಿದ್ರೂ. ಓಡಿದ್ರೆ ಸೋಲ್ತೇವೆ. ಬೇರೆ ದಾರಿ ಎಂತ ಉಂಟು, ನೀನೇ ಹೇಳು."

ಊಟ ಮಾಡಿದೆಯಾ ಎಂದು ಕೇಳಿದೆ. ಆಯ್ತು ಎಂದ, ಆಗಿರಲಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಆ ಸಂಜೆ ತಂಡವನ್ನು ಒಟ್ಟುಗೂಡಿಸಿ, "ಇವನು ಕೂಗಿದರೆ ಓಡಬೇಕು. ನಾನು ಕಲಿಸಿದ್ದನ್ನು ಮರೆತುಬಿಡಿ. ಶನಿವಾರ ಇವನು ಕೂಗುವುದಿಲ್ಲ, ಒಳಗೇ ಇರುವುದಿಲ್ಲ" ಎಂದೆ. ಯಾರೂ ತಮಾಷೆ ಮಾಡಲಿಲ್ಲ. ಆ ಇಬ್ಬರು ಹುಡುಗರು ನೆಲ ನೋಡುತ್ತಿದ್ದರು.

ಶನಿವಾರ ಜಡಿಮಳೆ. ಚೆಂಡು ಬಿದ್ದಲ್ಲೇ ಅಂಟಿಕೊಳ್ಳುವಷ್ಟು ಕೆಸರು. ಹಾಗಿದ್ದೂ ಮೊದಲರ್ಧದಲ್ಲೇ ಒಂದು ಕಾರ್ನರಿನಿಂದ ನಮ್ಮ ಬಲಬದಿಯ ಹುಡುಗ ತಲೆಯಲ್ಲಿ ಗೋಲು ಹೊಡೆದ. ಕುಣಿಯಬೇಕಾಗಿತ್ತು, ಆದರೆ ನಮ್ಮವರು ಯಾರೂ ಕುಣಿಯಲಿಲ್ಲ. ಮುಂದಿದ್ದು ಸೋಲುವುದೇ ನಮಗೆ ಹೆಚ್ಚು ಅಭ್ಯಾಸ.

ತಮ್ಮ ಗೆರೆಯಾಚೆ ನನ್ನ ಪಕ್ಕದಲ್ಲಿ ನಿಂತಿದ್ದ. ಕೊಡೆ ಬೇಡ ಎಂದ. ಹೆಗಲ ಮೇಲಿನ ಟವೆಲಿನ, ಆ ಹಳೆಯ ಬೈರಾಸಿನ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡಿದ್ದ. ಎರಡನೇ ಅರ್ಧದಲ್ಲಿ ಕಾಟಿಪಳ್ಳದವರು ಅಲೆ ಅಲೆಯಾಗಿ ಬಂದರು. ಗಡಿಯಾರ ನೋಡಬಾರದೆಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಹಿಂದಿನಿಂದ ಯಾರೋ "ಇನ್ನು ಹೋಯ್ತು ಇದು" ಎಂದರು, ತಿರುಗಿ ಕೆಕ್ಕರಿಸಿ ನೋಡಿದೆ.

ಕೊನೆಗೆ ಬಂತು, ಬರಬೇಕಾದದ್ದು. ಚೆಂಡು ನಮ್ಮ ಎಡಮೂಲೆಗೆ ಹೋಯಿತು. ಅವರದು ಮೂರು ಜನ, ನಮ್ಮದು ಇಬ್ಬರು. ನಮ್ಮ ಆಟಗಾರರು ಒಬ್ಬೊಬ್ಬರಾಗಿ ಚೆಂಡಿನಿಂದ ಕಣ್ಣು ತೆಗೆದು ಗೆರೆಯತ್ತ ನೋಡಿದರು. ನನ್ನನ್ನಲ್ಲ, ಅವನನ್ನು. ಅವನ ಬಾಯಿಯಿಂದ ಬೈರಾಸು ಜಾರಿತ್ತು. ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಂಡಿತು. ಅವನು ಬಾಯಿ ತೆರೆದ. ದೇವರೇ, ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಗಿರಕ್ಕನೆ ತಿರುಗಿ ಮೈದಾನಕ್ಕೆ ಬೆನ್ನು ಹಾಕಿ ರಸ್ತೆ ಕಡೆ ಮುಖ ಮಾಡಿ ನಿಂತ.

ಬಲಬದಿಯ ಹುಡುಗ ಆಚೆ ಗೋಲುಕಂಬದ ಬಳಿ ಒಂಟಿಯಾಗಿದ್ದ. ಎರಡು ಸಲ ಎಡಕ್ಕೆ ಓಡಲು ಕಾಲೆತ್ತಿದ, ಎರಡು ಸಲವೂ ಅಲ್ಲೇ ಊರಿದ. ಚೆಂಡು ಎಲ್ಲರ ತಲೆಯ ಮೇಲಿಂದ ಹಾದು ಅವನಿದ್ದ ಕಡೆಗೇ ಬಂತು. ಕಾಟಿಪಳ್ಳದವನೂ ನುಗ್ಗಿದ. ನಮ್ಮ ಹುಡುಗ ಚಂದ ಮಾಡಲು ಹೋಗಲಿಲ್ಲ, ಕಾಲಿಗೆ ಸಿಕ್ಕ ಹಾಗೆ ಒದ್ದ. ಚೆಂಡು ಗೆರೆ ದಾಟಿ ಚರಂಡಿಗೆ ಬಿತ್ತು. ಅದನ್ನು ತೆಗೆದುಕೊಂಡು ಬಂದು ಎಸೆದರು, ಮತ್ತೆ ಮೂಲೆ, ಮತ್ತೆ ನೂಕಾಟ, ನಮ್ಮ ಗೋಲ್‌ಕೀಪರ್ ಕೆಸರಿಗೆ ಹಾರಿ ಚೆಂಡನ್ನು ಅವುಚಿ ಹಿಡಿದ. ಕೊನೆಯ ಸೀಟಿ ಕೇಳಿತು.

ನಮ್ಮವರಿಗೆ ಗೆದ್ದು ಅಭ್ಯಾಸವಿಲ್ಲ, ಮೊದಲಿಗೆ ಸುಮ್ಮನೆ ಮುಖ ಮುಖ ನೋಡಿಕೊಂಡರು. ಆಮೇಲೆ ಬೊಬ್ಬೆ ಎದ್ದಿತು. ನಾನು ಅಳುತ್ತಿದ್ದೆ, ಮಳೆ ಇದ್ದುದರಿಂದ ಮರ್ಯಾದೆ ಉಳಿಯಿತು.

ತಮ್ಮ ಇನ್ನೂ ಬೆನ್ನು ಹಾಕಿಯೇ ನಿಂತಿದ್ದ.

"ಎಂತ ಆಯ್ತು?" ಎಂದು ಕೇಳಿದ. ಅಷ್ಟು ಬೊಬ್ಬೆ ಕೇಳಿದ ಮೇಲೂ ಕೇಳಿದ.

"ಗೆದ್ದೆವು."

"ಉಳಿದೆವಾ?"

"ಉಳಿದೆವು ಮಾರಾಯ."

ಆಗ ತಿರುಗಿದ. ಮುಖವಿಡೀ ನಗು. ಮೈದಾನದಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಹೊರಳುತ್ತಿದ್ದವರನ್ನು ಸ್ವಲ್ಪ ಹೊತ್ತು ನೋಡಿದ. ನೋಡುತ್ತಾ ನೋಡುತ್ತಾ ಆ ನಗು ಇಳಿಯಿತು.

"ಹಾಗಾದ್ರೆ ಅಕ್ಕ," ಎಂದ, "ನಾನು ಇನ್ನು ಮೈದಾನಕ್ಕೆ ಇಳಿಯುವ ಹಾಗಿಲ್ಲ ಅಲ್ವಾ?"

ಏನಾದರೂ ಸುಳ್ಳು ಹೇಳಬಹುದಿತ್ತು. ಮುಂದಿನ ವರ್ಷ ನೋಡುವ ಎನ್ನಬಹುದಿತ್ತು. ಆದರೆ ಅವನು ತಂಡೇಲ, ನಾನು ಕೋಚ್, ಇಬ್ಬರಿಗೂ ಉತ್ತರ ಗೊತ್ತಿತ್ತು.

"ಇಲ್ಲ" ಎಂದೆ.

ಅವನು ತಲೆಯಾಡಿಸಿ, ಬೈರಾಸಿನಲ್ಲಿ ಮುಖ ಒರೆಸಿಕೊಂಡು, ಹುಡುಗರನ್ನು ತಬ್ಬಿಕೊಳ್ಳಲು ಗೆರೆ ದಾಟಿ ಹೋದ.