ಫೈನಲ್ ದಿನ ಹೂ ಅರಳಿತ್ತು

ದೊಡ್ಡಪ್ಪನ ಬಲಗೈಯ ತೋರುಬೆರಳು ಅರ್ಧವೇ ಇತ್ತು. ಹರೆಯದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಉಳಿದರ್ಧ ಹೋಗಿತ್ತಂತೆ. ತುದಿ ಉಗುರಿಲ್ಲದೆ ನುಣ್ಣಗೆ, ಸುಲಿದ ಕಡಲೆಬೀಜದ ಬಣ್ಣಕ್ಕಿತ್ತು. ಬೇರೆ ಯಾರಾದರೂ ಆಗಿದ್ದರೆ ಆ ಕೈಯನ್ನು ಮರೆಮಾಡುತ್ತಿದ್ದರು. ಅವರು ಅದರಲ್ಲೇ ತೋರಿಸುತ್ತಿದ್ದರು. ಆ ಮೊಂಡು ಬೆರಳು ತಿರುಗಿದ ಕಡೆಗೆ ಆಳುಗಳು, ನಾಯಿ, ನನ್ನ ಅಪ್ಪ ಎಲ್ಲರೂ ಹೋಗಬೇಕಿತ್ತು.

ಅಪ್ಪ ಅವರ ತಮ್ಮ. ಆನೇಮಹಲ್‌ನಿಂದ ಒಳಕ್ಕೆ ಹೋದರೆ ಸಿಗುವ ನಮ್ಮ ತೋಟ ಕಾಗದದಲ್ಲಿ ಇಬ್ಬರದು, ಮಾತಿನಲ್ಲಿ ಒಬ್ಬರದು. ಅಣ್ಣನ ಎದುರು ಅಪ್ಪ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಕಡಿಮೆಯಾದರೆ ದೊಡ್ಡಪ್ಪ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ತಳ್ಳುತ್ತಿದ್ದರು. ಕಡಿಮೆಯಾದದ್ದು ಉಪ್ಪೋ ಹುಳಿಯೋ ಎಂದು ಅಮ್ಮನೇ ಊಹಿಸಬೇಕು. ಅಮ್ಮ ತಪ್ಪಾಗಿ ಊಹಿಸಿದ ದಿನ ದೊಡ್ಡಪ್ಪನ ಮುಖದಲ್ಲಿ ಸಣ್ಣದೊಂದು ಖುಷಿ ಕಾಣುತ್ತಿತ್ತು. ಈಗ ಊರಿನವರು ಅವರನ್ನು ಶಿಸ್ತಿನ ಮನುಷ್ಯ ಎನ್ನುತ್ತಾರೆ. ಹಾಗೆನ್ನುವವರು ನಮ್ಮ ಮನೆಯಲ್ಲಿ ಉಂಡವರಲ್ಲ.

ಕಾಫಿ ಹೂ ಅರಳಿದ ದಿನ ತೋಟಕ್ಕೆ ಯಾರೂ ಇಳಿಯುವುದಿಲ್ಲ. ಗಿಡ ಅಲುಗಿದರೆ ಕಾಯಿ ಕಚ್ಚುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ಪಾಲಿಸುವ ಪದ್ಧತಿ ಇದು. ದೊಡ್ಡಪ್ಪ ಅದನ್ನೊಂದು ಬಾರುಕೋಲು ಮಾಡಿಕೊಂಡಿದ್ದರು. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಅಂಥ ಒಂದು ದಿನ ಹಗ್ಗ ಬಿಚ್ಚಿಕೊಂಡ ಕರು ತೋಟಕ್ಕೆ ನುಗ್ಗಿತು. ಅಮ್ಮ ಅದರ ಹಿಂದೆ ಓಡಿದರು. ವಾಪಸ್ ಬಂದಾಗ ತಲೆಯ ತುಂಬ ಬಿಳಿ ಎಸಳು. ದೊಡ್ಡಪ್ಪ ಅಮ್ಮನನ್ನು ಕಣದಲ್ಲಿ, ಲೈನು ಮನೆಗಳ ಆಳುಗಳ ಎದುರಿಗೆ ನಿಲ್ಲಿಸಿ, ಒಂದು ಮೊರ ತರಿಸಿದರು.

"ಒಂದೊಂದು ಎಸಳೂ ಒಂದೊಂದು ಕಾಯಿ ಕಣಮ್ಮ. ಆರಿಸಿ ಹಾಕು, ನೋಡಾನ."

ಅಮ್ಮ ಆರಿಸಿ ಹಾಕಿದರು. ಅಪ್ಪ ಅಲ್ಲೇ ನಿಂತು ಕರುವಿನ ಹಗ್ಗ ಸುತ್ತುತ್ತಿದ್ದರು.

ನಾನು ಹಾಸನದಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಾಗ ನಮ್ಮವರು ವಿಶ್ವಕಪ್ ಫೈನಲ್ ತಲುಪಿದರು. ನನಗೆ ಮೈಸೂರಿನಲ್ಲಿ ಎಂ.ಎ. ಮಾಡುವ ಆಸೆ. ದೊಡ್ಡಪ್ಪ, "ಓದಿದ್ದು ಸಾಕು," ಎಂದಿದ್ದರು. ಕುಂದೂರು ಕಡೆಯ ಒಂದು ಗಂಡನ್ನು ಗೊತ್ತು ಮಾಡಿ, ಹೆಣ್ಣು ನೋಡುವ ಶಾಸ್ತ್ರವನ್ನು ಫೈನಲ್ ನಡೆಯುವ ಭಾನುವಾರ ಮಧ್ಯಾಹ್ನಕ್ಕೇ ಇಟ್ಟರು. ಬೇಕೆಂದೇ ಇಟ್ಟರು. ಕ್ರಿಕೆಟ್ಟೆಂದರೆ ಅವರಿಗೆ ಆಗದು. "ಹನ್ನೊಂದು ಜನ ಅದೆಲ್ಲೋ ಓಡಾಡ್ತಾರೆ, ಇಲ್ಲಿ ಜಿಲ್ಲೆ ಪೂರ್ತಿ ಸುಸ್ತಾಗಿ ಮಲಗ್ತದೆ," ಎನ್ನುತ್ತಿದ್ದರು. ಬೆಳಿಗ್ಗೆಯೇ ಟಿವಿಯ ಮರದ ಪೆಟ್ಟಿಗೆಗೆ ಬೀಗ ಹಾಕಿ ಕೀ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕ್ರಿಕೆಟ್ ಹುಚ್ಚಿನ ಅಪ್ಪ ಜಗಲಿಯ ಧೂಳು ಹೊಡೆದರು, ಜಮಖಾನ ಹಾಸಿದರು, ಯಾರೂ ಹೇಳದಿದ್ದರೂ ಹಂಡೆ ಉಜ್ಜಿದರು. ನಾನು ಅಮ್ಮನೊಂದಿಗೆ ಕೂತು ಕೋಡುಬಳೆ ಹೊಸೆದೆ.

ವಾರದ ಹಿಂದೆ ಮಳೆ ಬಿದ್ದಿತ್ತು. ಆ ಬೆಳಿಗ್ಗೆಯೇ ತೋಟವಿಡೀ ಅರಳಿತ್ತು.

ಗಂಡಿನ ಜೊತೆ ಅವನ ಸೋದರಮಾವ ಬಂದಿದ್ದರು. ಆಲೂಗೆಡ್ಡೆ, ಶುಂಠಿ ಬೆಳೆಯುವ ಮನೆ. ಕಾಫಿ ಗೊತ್ತಿಲ್ಲ. ಹುಡುಗ ಕೆಟ್ಟವನಂತೆ ಕಾಣಲಿಲ್ಲ. ನಾನು ಕೊಟ್ಟ ಕೋಡುಬಳೆ ಮುರಿಯುತ್ತ ನನ್ನನ್ನು ಒಮ್ಮೆ, ಗಡಿಯಾರವನ್ನು ನಾಲ್ಕು ಸಲ ನೋಡಿದ. ದೊಡ್ಡಪ್ಪ ಒಪ್ಪಿಗೆ ಎಂಬಂತೆ ತಲೆಯಾಡಿಸಿದರು. ಹಿರಿಯರಿಬ್ಬರೂ ಮಾತುಕತೆಗೆಂದು ಒಳಕೋಣೆಗೆ ಹೋದರು. ಹುಡುಗ ಕೈ ತೊಳೆಯಲು ಹಿತ್ತಲಿಗೆ ಬಂದ. ನೀರು ಹಾಕಲು ನನ್ನನ್ನು ಕಳಿಸಿದ್ದರು.

"ಇಲ್ಲಿ ಹತ್ರದಲ್ಲಿ ಟಿವಿ ಎಲ್ಲಾದ್ರೂ ಐತೇನ್ರೀ? ಸ್ಕೋರ್ ಒಂದು ನೋಡ್ಕಂಡು ಓಡ್ಬಂದ್ಬುಡ್ತೀನಿ."

"ತೋಟದ ಲೆಕ್ಕ ಬರೆಯೋ ರೈಟರ್ ಮನೇಲಿದೆ."

"ಯಾವ ಕಡೆ?"

ರಸ್ತೆಯಲ್ಲಿ ಹೋದರೆ ಗುಡ್ಡ ಸುತ್ತಬೇಕು. ನಾನು ಕೈ ಎತ್ತಿ ತೋಟದೊಳಗಿನ ಕಾಲುದಾರಿಯ ಕಡೆ ತೋರಿಸಿದೆ. ನನ್ನ ಬೆರಳು ಪೂರ್ತಿ ಇತ್ತು.

"ಹೀಗೆ ನೇರ ಹೋಗಿ. ಹತ್ತಿರ."

"ಭಾರಿ ಉಪಕಾರ ಆಯ್ತು ಕಣ್ರೀ," ಎಂದು ಚಪ್ಪಲಿ ಕೂಡ ಸರಿಯಾಗಿ ಮೆಟ್ಟದೆ ಓಡಿದ. ನಾನು ಚೊಂಬನ್ನು ಕಟ್ಟೆಯ ಮೇಲಿಟ್ಟು ಒಳಗೆ ಬಂದೆ.

ಮಾತುಕತೆ ಮುಗಿದು ತಾಂಬೂಲದ ತಟ್ಟೆ ಹೊರಗೆ ಬರುವ ಹೊತ್ತಿಗೆ ಅವನು ಜಗಲಿ ಹತ್ತಿದ. ಮುಖ ಸಪ್ಪಗಿತ್ತು. ಎದುರಾಳಿಗಳು ಚಚ್ಚುತ್ತಿದ್ದರೆಂದು ಆಮೇಲೆ ಗೊತ್ತಾಯಿತು. ಅವನ ಕಪ್ಪು ಷರ್ಟಿನ ಹೆಗಲು, ತಲೆಗೂದಲು, ಜೇಬಿನ ಬಾಯಿ ಎಲ್ಲ ಬಿಳಿ ಎಸಳು. ದೊಡ್ಡಪ್ಪ ತಟ್ಟೆಯನ್ನು ನೆಲದ ಮೇಲಿಟ್ಟು ಮೊಂಡು ಬೆರಳನ್ನು ಅವನ ಹೆಗಲ ಕಡೆ ಚಾಚಿದರು.

"ಎಲ್ಲಿಗೆ ಹೋಗಿದ್ದೆ?"

"ಸ್ಕೋರ್ ನೋಡನ ಅಂತ..."

"ಹೂ ಬಿಟ್ಟ ತೋಟ ತುಳ್ಕಂಡು? ನೀನು ಹೆಣ್ಣು ನೋಡಕ್ಕೆ ಬಂದ್ಯೋ ಮ್ಯಾಚ್ ನೋಡಕ್ಕೆ ಬಂದ್ಯೋ?"

ಸೋದರಮಾವ ನಕ್ಕರು. "ಹೋಗ್ಲಿ ಬಿಡಿ ಮಾರಾಯ್ರೆ, ಏನ್ ಮಹಾ ಹೂವು! ನಮ್ಮ ಹೊಲದಾಗೆ ದನ ನುಗ್ಗಿದ್ರೂ ಇಷ್ಟು ಕೂಗಾಡಲ್ಲ ನಾವು."

"ದನಕ್ಕೆ ಬುದ್ಧಿ ಇರಲ್ಲ, ಅದ್ಕೇ ಕೂಗಾಡಲ್ಲ."

"ಯಾರನ್ನ ದನ ಅಂತೀರಿ?"

ಆಮೇಲಿನದು ಕೂಗಾಟ. ಒಂದೇ ಒಂದು ಮಾತು ತಗ್ಗಿಸಿದ್ದರೆ ಸಂಬಂಧ ಉಳಿಯುತ್ತಿತ್ತು. ದೊಡ್ಡಪ್ಪ ಮಾತು ತಗ್ಗಿಸಿದವರಲ್ಲ. ಅದನ್ನೇ ನಾನು ನಂಬಿದ್ದೆ. ಗಂಡಿನವರ ಜೀಪು ರಸ್ತೆ ಸೇರಿದ ಮೇಲೂ ದೊಡ್ಡಪ್ಪ ಅಂಗಳದಲ್ಲಿ ನಿಂತು ಬೈಯುತ್ತಲೇ ಇದ್ದರು. ಅಮ್ಮ ಜಗಲಿಗೆ ಬಂದು, ಅಲ್ಲಿ ಬಿದ್ದಿದ್ದ ಎಸಳುಗಳನ್ನು ಪೊರಕೆಯಿಂದ ಗುಡಿಸಿದರು. ಆರಿಸಲಿಲ್ಲ.

ಫೈನಲ್ ಸೋತೆವು. ನಮ್ಮ ಮನೆಯಲ್ಲಿ ಆ ಸುದ್ದಿ ಕೇಳಿದವರು ಅಪ್ಪ ಒಬ್ಬರೇ, ಕಾಫಿ ಸ್ಟೋರಿನ ಹಿಂದೆ, ಕಿವಿಗೆ ರೇಡಿಯೋ ಹಿಡಿದು.

ಕುಂದೂರಿನವರು ಹೋದಲ್ಲೆಲ್ಲ 'ಹೂವಿಗೋಸ್ಕರ ಗಂಡನ್ನ ಓಡ್ಸಿದ ಮನೆ' ಎಂದು ಹೇಳಿಕೊಂಡು ತಿರುಗಿದರು. ಮತ್ತೆ ಗಂಡು ಬರಲಿಲ್ಲ. ಮಳೆಗಾಲದಲ್ಲಿ ಅಪ್ಪ, ಬದುಕಿನಲ್ಲಿ ಮೊದಲ ಸಲ ಅಣ್ಣನನ್ನು ಕೇಳದೆ, ನನ್ನನ್ನು ಮೈಸೂರಿನ ಬಸ್ಸು ಹತ್ತಿಸಿದರು.

ಎಂ.ಎ. ಮುಗಿಸಿ ಕೆಲಸ ಸಿಕ್ಕಿದ ವರ್ಷ ಊರಿಗೆ ಹೋದಾಗ ದೊಡ್ಡಪ್ಪ ಹಾಸಿಗೆ ಹಿಡಿದಿದ್ದರು. ನಾನು ಬಾಗಿಲಲ್ಲೇ ನಿಂತೆ.

"ಅವತ್ತು ಅವನಿಗೆ ತೋಟದ ದಾರಿ ತೋರ್ಸಿದ್ದು ನೀನೇ ತಾನೆ?"

"ಹೌದು."

ಅವರು ಗೋಡೆಯ ಕಡೆ ಹೊರಳಿದರು. ನಮ್ಮಿಬ್ಬರ ನಡುವೆ ಆದ ಕೊನೆಯ ಮಾತು ಅದು. ನನ್ನ ಓದಿಗೆ ನಾನು ಅವರಿಗೇ ಋಣಿ. ಅವರು ಕೊಡಬಾರದೆಂದಿದ್ದದ್ದನ್ನು ಅವರ ಸಿಟ್ಟಿನಿಂದಲೇ ಕಿತ್ತುಕೊಂಡೆ.

ಮುಂದಿನ ಮಾರ್ಚಿನಲ್ಲಿ ತೀರಿಕೊಂಡರು. ನಮ್ಮಲ್ಲಿ ಮಣ್ಣು ಮಾಡುವ ಜಾಗ ತೋಟದ ನಡುವೆ ಇದೆ. ಆಗಲೂ ವಾರದ ಹಿಂದೆ ಮಳೆ ಬಿದ್ದು ತೋಟ ಅರಳಿತ್ತು. ಊರಿಗೆ ಊರೇ ಗಿಡಗಳನ್ನು ಸರಿಸಿಕೊಂಡು ಅವರನ್ನು ಒಳಕ್ಕೆ ಹೊತ್ತೊಯ್ದಿತು. ಹೆಂಗಸರೂ ಹೋದರು. ಅಪ್ಪ, ಅಮ್ಮ, ರೈಟರ್, ಲೈನಿನವರು ಎಲ್ಲರೂ ತಲೆ ತುಂಬ ಬಿಳಿ ಎಸಳು ಹೊತ್ತು ವಾಪಸ್ ಬಂದರು. ಯಾರೂ ಮೊರ ತರಲಿಲ್ಲ.

ನಾನು ತೋಟದ ಬೇಲಿಯ ಈಚೆಗೇ ನಿಂತಿದ್ದೆ. ಆ ದಿನ ಅವರ ಕಟ್ಟಳೆ ಪಾಲಿಸಿದವಳು ನಾನೊಬ್ಬಳೇ. ಅದನ್ನು ಯಾರೂ ಗೌರವ ಎಂದು ತಿಳಿಯಬಾರದು.